ಬಿಷ್ಕೆಕ್‌ನ ಆ ರಾತ್ರಿ ನಾನು ಯಾರಿಗೆ ಫೋನ್ ಮಾಡಬೇಕಿತ್ತು?

ಶ್ರೀರಾಂಪುರದ ತಂದೆ, ಮೈಸೂರು

2024ರ ಮೇ 17ರ ರಾತ್ರಿಯನ್ನು ನಾನು ಯಾರ ಮುಂದೆಯೂ ಪೂರ್ತಿಯಾಗಿ ಹೇಳಿಕೊಂಡವನಲ್ಲ. ಈಗ ಹೇಳಲು ಕಾರಣವಿದೆ. ನಮ್ಮ ಬೀದಿಯ ಹುಡುಗನೊಬ್ಬ ಬರುವ ತಿಂಗಳು ವೈದ್ಯಕೀಯ ಓದಲು ಕಿರ್ಗಿಸ್ತಾನದ ಬಿಷ್ಕೆಕ್‌ಗೆ ಹೊರಟಿದ್ದಾನೆ. ನನ್ನ ಮಗಳು ಅಲ್ಲಿಯೇ ಓದುತ್ತಿರುವುದರಿಂದ ಅವನ ತಾಯಿ ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಕಾಫಿ ಲೋಟ ಕೆಳಗಿಟ್ಟು, "ಅಲ್ಲಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಅಣ್ಣಾ?" ಎಂದು ಕೇಳಿದರು. ಅಂಥ ಒಂದು ರಾತ್ರಿಯನ್ನು ಕಳೆದ ಮೇಲೂ ನನ್ನ ಬಳಿ ಉತ್ತರವಿರಲಿಲ್ಲ.

ಅಂದು ಶುಕ್ರವಾರ. ನಾಲ್ಕು ದಿನ ಮೊದಲು, ಮೇ 13ರಂದು, ಅಲ್ಲಿ ಸ್ಥಳೀಯ ಯುವಕರಿಗೂ ವಿದೇಶಿ ವಿದ್ಯಾರ್ಥಿಗಳಿಗೂ ಹೊಡೆದಾಟವಾಗಿತ್ತು. ಅದರ ವಿಡಿಯೊ 17ರಂದು ಎಲ್ಲರ ಮೊಬೈಲ್‌ಗೂ ಹರಿದು ಬಂದು, ರಾತ್ರಿಯ ಹೊತ್ತಿಗೆ ನೂರಾರು ಜನ ಬೀದಿಗಿಳಿದರು. ಜಗಳವಾಡಿದವರು ಈಜಿಪ್ಟಿನವರು ಎಂದು ಸುದ್ದಿ. ಗುಂಪು ನುಗ್ಗಿದ್ದು ಪಾಕಿಸ್ತಾನ, ಭಾರತ, ಬಾಂಗ್ಲಾದೇಶದ ಮಕ್ಕಳಿದ್ದ ಹಾಸ್ಟೆಲ್‌ಗಳಿಗೆ. ಮುಖ ನೋಡಿ ಬಾಗಿಲು ಒಡೆಯುವವರಿಗೆ ಯಾರು ಯಾವ ದೇಶದವರು ಎಂದು ವಿಚಾರಿಸುವ ವ್ಯವಧಾನ ಎಲ್ಲಿರುತ್ತದೆ?

ಬಿಷ್ಕೆಕ್ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದು. ನಮ್ಮಲ್ಲಿ ಹನ್ನೊಂದೂವರೆ ಆಗಿದ್ದಾಗ ಮಗಳ ಕರೆ ಬಂತು. ಪರದೆಯಲ್ಲಿ ಬರೀ ಕತ್ತಲು. ದೀಪ ಆರಿಸಿ, ಮೂವರು ಹುಡುಗಿಯರು ಬೀರುವನ್ನು ಬಾಗಿಲಿಗೆ ಒತ್ತರಿಸಿ, ಅದಕ್ಕೆ ಬೆನ್ನು ಕೊಟ್ಟು ಕುಳಿತಿದ್ದರು. "ಅಪ್ಪ, ನೀವು ಮಾತಾಡಬೇಡಿ, ಸದ್ದು ಕೇಳಿಸುತ್ತದೆ, ಸುಮ್ಮನೆ ಲೈನಿನಲ್ಲಿರಿ" ಎಂದಳು. ಇದ್ದೆ. ಅವಳ ಉಸಿರು ಕೇಳುತ್ತಾ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದೆ. ಹೆಂಡತಿಯ ಫೋನಿನಿಂದ ಸೀಟು ಕೊಡಿಸಿದ ಏಜೆಂಟನಿಗೆ ಕರೆ ಮಾಡಿದೆ, ಸ್ವಿಚ್ ಆಫ್. ರಾಯಭಾರ ಕಚೇರಿಯ ಸಂಖ್ಯೆ ಹುಡುಕಿ ಮಾಡಿದೆ, ಎಂಗೇಜ್. ಮತ್ತೆ ಮತ್ತೆ ಎಂಗೇಜ್. ಕೊನೆಗೆ ಬುದ್ಧಿ ಕೆಟ್ಟು ನಮ್ಮ ಬಡಾವಣೆಯ ಪೊಲೀಸ್ ಠಾಣೆಗೇ ಫೋನ್ ಮಾಡಿದೆ. ಆ ಕಡೆ ಇದ್ದವರು ತಾಳ್ಮೆಯಿಂದ ಕೇಳಿ, ಮಗಳ ಹೆಸರು ಬರೆದುಕೊಂಡು, "ಇಲ್ಲಿಂದ ನಾವೇನು ಮಾಡೋಣ ಸಾರ್" ಎಂದರು. ಅವರ ತಪ್ಪೇನೂ ಇಲ್ಲ.

ಬೆಳಿಗ್ಗೆ ವಿದೇಶಾಂಗ ಸಚಿವ ಜೈಶಂಕರ್ ಅವರ ಹೇಳಿಕೆ ಬಂತು. ಪರಿಸ್ಥಿತಿ ಶಾಂತವಾಗಿದೆಯಂತೆ, ವಿದ್ಯಾರ್ಥಿಗಳು ರಾಯಭಾರ ಕಚೇರಿಯ ಸಂಪರ್ಕದಲ್ಲಿರಬೇಕು ಎಂದು. ಹೊರಗೆ ಬರಬೇಡಿ ಎಂದು ಕಚೇರಿಯವರೂ ತಿಳಿಸಿದರು. ಆ ದೇಶದಲ್ಲಿ ನಮ್ಮ ಮಕ್ಕಳು ಸುಮಾರು 14,500 ಇದ್ದರು. ಪಾಕಿಸ್ತಾನ ವಿಶೇಷ ವಿಮಾನ ಕಳುಹಿಸಿ ತನ್ನವರನ್ನು ಲಾಹೋರಿಗೆ ಕರೆಸಿಕೊಂಡದ್ದನ್ನು ಟಿ.ವಿ.ಯಲ್ಲಿ ನೋಡುತ್ತಾ ನನ್ನ ಹೊಟ್ಟೆಯಲ್ಲಿ ಆದ ಸಂಕಟ ನನಗೇ ಗೊತ್ತು.

ಮಗಳಿಗೆ ಏನೂ ಆಗಲಿಲ್ಲ. ಆದರೂ ಕೇಳುತ್ತೇನೆ. ತಿಳಿದವರು ಹೇಳಿ. ಪರದೇಶದಲ್ಲಿ ಊರಿಗೆ ಊರೇ ತಿರುಗಿ ಬಿದ್ದಾಗ ನಮ್ಮ ರಾಯಭಾರ ಕಚೇರಿ ಏನು ಮಾಡಬಲ್ಲದು? ಏನು ಮಾಡಲಾರದು?

ಕಾನೂನು ಮೇಷ್ಟ್ರು, ಮೈಸೂರು

ಸ್ವಾಮಿ, ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ಮನಿದ್ದೆ. ಅಂತರರಾಷ್ಟ್ರೀಯ ಕಾನೂನನ್ನು ಇಪ್ಪತ್ತಾರು ವರ್ಷ ಪಾಠ ಮಾಡಿದವನು ನಾನು. ಈ ಪ್ರಶ್ನೆಯನ್ನು ಪರೀಕ್ಷೆಗೆ ಎಷ್ಟೋ ಸಲ ಕೊಟ್ಟಿದ್ದೇನೆ. ಬಾಗಿಲಿಗೆ ಒತ್ತರಿಸಿದ ಬೀರು ಯಾವ ಉತ್ತರಪತ್ರಿಕೆಯಲ್ಲೂ ಇರಲಿಲ್ಲ.

ಪಾಸ್‌ಪೋರ್ಟ್ ಮನೆಯಲ್ಲಿದ್ದರೆ ತೆಗೆದು ಹೊದಿಕೆಯ ಒಳಬದಿ ಓದಿ. ರಾಷ್ಟ್ರಪತಿಯವರ ಹೆಸರಿನಲ್ಲಿ ಒಂದು ಒಕ್ಕಣೆ ಇದೆ. ಇದನ್ನು ಹಿಡಿದು ಬಂದವರನ್ನು ಅಡ್ಡಿಯಿಲ್ಲದೆ ಓಡಾಡಲು ಬಿಡಿ, ಅವರಿಗೆ ಬೇಕಾದ ನೆರವು, ರಕ್ಷಣೆ ಕೊಡಿ ಎಂದು ಅದರ ಅರ್ಥ. ಈ ಮಾತು ಯಾರಿಗೆ ಹೇಳಿದ್ದು? ನಮ್ಮ ರಾಯಭಾರಿಗಲ್ಲ. ಎದುರಿನ ದೇಶದವರಿಗೆ. ನಿಮ್ಮ ಮಗಳನ್ನು ಕಾಯುವ ಹೊಣೆ ಮೊದಲು ಕಿರ್ಗಿಸ್ತಾನದ ಸರ್ಕಾರದ್ದು, ಅಲ್ಲಿನ ಪೊಲೀಸರದ್ದು. ಅದನ್ನು ನೆನಪಿಸುವುದು, ಒತ್ತಾಯಿಸುವುದು ನಮ್ಮ ಕಚೇರಿಯ ಕೆಲಸ. ರಾಯಭಾರ ಕಚೇರಿಗೆ ಬೀದಿಯಲ್ಲಿ ಲಾಠಿ ಹಿಡಿಯುವ ಅಧಿಕಾರವಿಲ್ಲ. ಕಿರ್ಗಿಸ್ತಾನದವರು ನಮ್ಮ ದೆಹಲಿಯಲ್ಲಿ ಹಾಗೆ ಮಾಡಿದರೆ ನಾವು ಒಪ್ಪುತ್ತೇವೆಯೇ?

1963ರ ವಿಯೆನ್ನಾ ಒಪ್ಪಂದದ 5ನೇ ವಿಧಿ ಕಾನ್ಸಲ್ ಕಚೇರಿಯ, ಅಂದರೆ ಪರದೇಶದಲ್ಲಿ ತನ್ನ ಪ್ರಜೆಗಳ ಕೆಲಸ ನೋಡುವ ಸರ್ಕಾರಿ ಕಚೇರಿಯ, ಕೆಲಸಗಳನ್ನು ಹೇಳುತ್ತದೆ: ತನ್ನ ಪ್ರಜೆಗಳ ಹಿತ ಕಾಯುವುದು, ನೆರವಾಗುವುದು, ಪಾಸ್‌ಪೋರ್ಟ್ ಕೊಡುವುದು ಇತ್ಯಾದಿ. 36ನೇ ವಿಧಿ ಬಂಧನಕ್ಕೊಳಗಾದವರದ್ದು. ಬಂಧಿತರು ಕೇಳಿಕೊಂಡರೆ ಅವರ ದೇಶದ ಕಚೇರಿಗೆ ತಡವಿಲ್ಲದೆ ತಿಳಿಸಲೇಬೇಕು. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಪಾಕಿಸ್ತಾನ ಇದನ್ನೇ ಮುರಿಯಿತು ಎಂದು 2019ರ ಜುಲೈ 17ರಂದು ಹೇಗ್‌ನ ನ್ಯಾಯಾಲಯ ಹೇಳಿತು.

ಇನ್ನು, ಪತ್ರಿಕೆಗಳು 'ರಾಜತಾಂತ್ರಿಕ ರಕ್ಷಣೆ' ಎಂಬ ಮಾತನ್ನು ಎಲ್ಲದಕ್ಕೂ ಬಳಸುತ್ತವೆ. ಕಾನೂನಿನಲ್ಲಿ ಅದಕ್ಕೆ ಬೇರೆ ಅರ್ಥ. ಪರದೇಶದಲ್ಲಿ ನಿಮಗೆ ಅನ್ಯಾಯವಾಯಿತು, ಅಲ್ಲಿನ ಠಾಣೆ, ಕೋರ್ಟು ಎಲ್ಲ ಸುತ್ತಿದರೂ ಪರಿಹಾರ ಸಿಗಲಿಲ್ಲ. ಆಗ ನಿಮ್ಮ ದೇಶ ಆ ದೂರನ್ನು ತನ್ನದೇ ದೂರೆಂದು ಎತ್ತಿಕೊಳ್ಳಬಹುದು. ಎತ್ತಿಕೊಳ್ಳದೆಯೂ ಇರಬಹುದು. 1924ರಲ್ಲಿ ಗ್ರೀಸ್ ದೇಶವು ತನ್ನ ಪ್ರಜೆ ಮಾವ್ರೊಮಾಟಿಸ್ ಪರವಾಗಿ ಬ್ರಿಟನ್ ವಿರುದ್ಧ ಹೋದಾಗ ಅಂದಿನ ಕಾಯಂ ಅಂತರರಾಷ್ಟ್ರೀಯ ನ್ಯಾಯಾಲಯ (ಈಗಿನ ಹೇಗ್ ನ್ಯಾಯಾಲಯಕ್ಕೂ ಹಿಂದಿನದು) ಈ ಸೂತ್ರವನ್ನು ಸ್ಪಷ್ಟಪಡಿಸಿತು: ಅದು ದೇಶದ ಹಕ್ಕು. ಅಪ್ಪನ ಹಕ್ಕಲ್ಲ, ಮಗಳ ಹಕ್ಕೂ ಅಲ್ಲ. ಇದನ್ನು ಬರೆಯುವಾಗ ನನಗೂ ನೋವಾಗುತ್ತದೆ.

ಹಿಂದೆ ಹೀಗಿರಲಿಲ್ಲ. 1847ರಲ್ಲಿ ಅಥೆನ್ಸಿನಲ್ಲಿ ಡಾನ್ ಪೆಸಿಫಿಕೊ ಎಂಬ ಯಹೂದಿಯ ಮನೆಗೆ ಗುಂಪು ನುಗ್ಗಿ ಲೂಟಿ ಮಾಡಿತು. ಆತ ಜಿಬ್ರಾಲ್ಟರ್‌ನಲ್ಲಿ ಹುಟ್ಟಿದ್ದರಿಂದ ಬ್ರಿಟಿಷ್ ಪ್ರಜೆ. ಗ್ರೀಸ್ ಪರಿಹಾರ ಕೊಡಲಿಲ್ಲವೆಂದು ಬ್ರಿಟನ್ನಿನ ವಿದೇಶಾಂಗ ಸಚಿವ ಪಾಮರ್‌ಸ್ಟನ್ 1850ರಲ್ಲಿ ಯುದ್ಧನೌಕೆಗಳನ್ನೇ ಕಳುಹಿಸಿ ಪಿರಿಯಸ್ ಬಂದರನ್ನು ಮುಚ್ಚಿಸಿದ. ಒಬ್ಬ ವ್ಯಾಪಾರಿಯ ಮಂಚ, ಪಾತ್ರೆಗಳಿಗಾಗಿ! ಹಡಗು ಇದ್ದವರ ಕಾಲ ಅದು. ನಮ್ಮಂಥವರು ಆಗ ಹಡಗಿನ ಎದುರು ದಡದಲ್ಲಿ ನಿಂತವರು.

ಕೊಪ್ಪಲು ಬೋರೇಗೌಡರ ಮೊಮ್ಮಗ, ಮಂಡ್ಯ

ತಂದೆಯ ಸಂಕಟ ಅರ್ಥವಾಗುತ್ತದೆ. ಆದರೆ ನಾನು ಮನಸ್ಸಿನಲ್ಲಿದ್ದುದನ್ನು ಹೇಳಿಬಿಡುತ್ತೇನೆ. ನಮ್ಮ ಭಾಗದಲ್ಲಿ ಕಬ್ಬಿನ ಬಾಕಿ ಹಣಕ್ಕೆ ರೈತ ತಿಂಗಳುಗಟ್ಟಲೆ ಕಾಯುತ್ತಾನೆ. ಲಕ್ಷಾಂತರ ರೂಪಾಯಿ ಕಟ್ಟಿ ಸ್ವಂತ ಇಚ್ಛೆಯಿಂದ ಪರದೇಶಕ್ಕೆ ಹೋದವರನ್ನು ವಿಮಾನದಲ್ಲಿ ಕರೆತರಲು ಅವನ ತೆರಿಗೆ ಏಕೆ ಖರ್ಚಾಗಬೇಕು?

ಶ್ರೀರಾಂಪುರದ ತಂದೆ, ಮೈಸೂರು

ತಮ್ಮಾ, ನಾನೂ ಕೃಷ್ಣರಾಜಪೇಟೆ ಕಡೆಯ ರೈತನ ಮಗನೇ. ಅಕ್ಕನ ಪಾಲಿನ ಜಮೀನು ಬಿಟ್ಟು ನನ್ನ ಪಾಲಿನದನ್ನೆಲ್ಲ ಮಾರಿದ್ದೇನೆ. ಮಗಳು ನೀಟ್ ಪಾಸಾಗಿದ್ದಳು. ಸರ್ಕಾರಿ ಸೀಟಿಗೆ ಅಂಕ ಸಾಲಲಿಲ್ಲ, ಖಾಸಗಿ ಕಾಲೇಜಿಗೆ ದುಡ್ಡು ಸಾಲಲಿಲ್ಲ. ಇದನ್ನು ಇಚ್ಛೆ ಎನ್ನುವುದಾದರೆ ಅನ್ನು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ಹುಡುಗನೂ ವೈದ್ಯಕೀಯ ವಿದ್ಯಾರ್ಥಿಯೇ. ಸಾಮಾನು ತರಲು ಹೊರಗೆ ಹೋಗಿದ್ದ. ಅವನ ತಂದೆ ತಾಯಿ ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಅವನು ಓದಬೇಕೆಂದಿದ್ದ ವಿದ್ಯೆಗೆ ಅವನೇ ಪಾಠವಾದ. ಅವರ ಮುಂದೆ ನಿಂತು ತೆರಿಗೆಯ ಲೆಕ್ಕ ಕೇಳಲು ನನ್ನಿಂದ ಆಗದು.

ಕಾನೂನು ಮೇಷ್ಟ್ರು, ಮೈಸೂರು

ಲೆಕ್ಕದ ವಿಷಯಕ್ಕೆ ಒಂದು ಮಾತು. 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದೊಂದಿದೆ. ವಿದೇಶದಲ್ಲಿ ಪಾಸ್‌ಪೋರ್ಟ್, ವೀಸಾ ಮುಂತಾದ ಸೇವೆ ಪಡೆಯುವವರಿಂದ ಶುಲ್ಕದ ಜೊತೆಗೆ ಸಣ್ಣ ಮೊತ್ತ ಸೇರಿಸಿ ಪಡೆದು ಕಟ್ಟಿದ ಹುಂಡಿ ಅದು. ಸಂಕಟದಲ್ಲಿ ಸಿಕ್ಕಿದವರ ಟಿಕೆಟ್, ವಸತಿ, ವಕೀಲರ ಖರ್ಚು, ಶವ ಸಾಗಣೆ ಎಲ್ಲಕ್ಕೂ ಅದರಿಂದ ಕೊಡಲು ಅವಕಾಶವಿದೆ. ಕೇಳಿದವರಿಗೆ ಸಿಗುತ್ತದೆ. ನಮ್ಮ ಜನ ಕೇಳುವುದೇ ಇಲ್ಲ.

ಮದ್ದೂರಿನವನು

ನಾನು ಕಚೇರಿಯೇ ಇಲ್ಲದಾದಾಗ ಏನಾಗುತ್ತದೆ ಎಂದು ನೋಡಿದವನು. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ನಾನು ಅಲ್ಲಿ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ವಯಸ್ಸು ಇಪ್ಪತ್ತಾರು. ನನ್ನ ಪಾಸ್‌ಪೋರ್ಟ್ ಮಾಲೀಕನ ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಮಾಲೀಕ ಮೊದಲ ರಾತ್ರಿಯೇ ಸೌದಿಗೆ ಹೋಗಿಬಿಟ್ಟಿದ್ದ. ಪೆಟ್ಟಿಗೆಯನ್ನು ಸೈನಿಕರು ಎತ್ತಿಕೊಂಡು ಹೋದರು. ಕುವೈತ್ ಇನ್ನು ದೇಶವೇ ಅಲ್ಲ, ಎಲ್ಲ ರಾಯಭಾರ ಕಚೇರಿಗಳೂ ಮುಚ್ಚಬೇಕು ಎಂದು ಸದ್ದಾಂ ಆಜ್ಞೆ ಹೊರಡಿಸಿದ.

ಆಗ ಗುಜ್ರಾಲರು ವಿದೇಶಾಂಗ ಸಚಿವರು. ಬಾಗ್ದಾದಿಗೆ ಹೋಗಿ ಸದ್ದಾಂನನ್ನು ಅಪ್ಪಿಕೊಂಡರೆಂದು ಅವರನ್ನು ಎಷ್ಟೋ ಜನ ಹಳಿದರು. ನಾನು ಇವತ್ತಿಗೂ ಹಳಿಯುವುದಿಲ್ಲ. ಆ ಅಪ್ಪುಗೆಯಿಂದ ನಮ್ಮ ಬಸ್ಸುಗಳಿಗೆ ದಾರಿ ಸಿಕ್ಕಿತು. ಬಾಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡನ್ ಗಡಿ, ಅಮ್ಮಾನ್. ಮರುಭೂಮಿಯ ಡೇರೆಯಲ್ಲಿ ನೀರಿಗೆ ಸಾಲು ನಿಂತದ್ದು, ರಾತ್ರಿ ಚಳಿಗೆ ರಟ್ಟಿನ ಪೆಟ್ಟಿಗೆ ಹೊದ್ದು ಮಲಗಿದ್ದು ಮರೆಯುವಂಥದ್ದಲ್ಲ. ಅಮ್ಮಾನಿನಲ್ಲಿ ಒಬ್ಬ ಅಧಿಕಾರಿ ಮಡಚುವ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ನಿನ್ನ ಊರು ಯಾವುದು, ತಂದೆಯ ಹೆಸರೇನು, ಹತ್ತಿರದ ರೈಲು ನಿಲ್ದಾಣ ಯಾವುದು ಎಂದು ಕೇಳಿದರು. "ಮದ್ದೂರು" ಎಂದೆ. ಬರೆದು, ಮೊಹರು ಒತ್ತಿ ಕೈಗೆ ಕೊಟ್ಟರು. ತುರ್ತು ಪ್ರಮಾಣಪತ್ರ. ಒಂದು ಹಾಳೆ. ಏರ್ ಇಂಡಿಯಾ ಅಂದು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮುಂಬಯಿಗೆ ತಂದಿತು. ಅವರಲ್ಲಿ ನಾನೂ ಒಬ್ಬ.

ಪಾಸ್‌ಪೋರ್ಟಿನ ಪ್ರತಿಯನ್ನು ಮನೆಯಲ್ಲಿ ಇಟ್ಟು ಹೋಗಿ. ಈಗ ಮೊಬೈಲಿನಲ್ಲಿಯೂ ಇಟ್ಟುಕೊಳ್ಳಬಹುದು. ನನಗೆ ಆ ಸೌಲಭ್ಯವಿರಲಿಲ್ಲ.

ಹುಣಸೂರು ರಸ್ತೆ

ನಮ್ಮ ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರನ್ನು ಯಾರೂ ನೆನೆಸಲಿಲ್ಲವಲ್ಲ. ಗಿಡಮೂಲಿಕೆ, ಕೂದಲೆಣ್ಣೆ ಮಾರಲು ಅವರು ಆಫ್ರಿಕಾದ ಎಷ್ಟೋ ದೇಶಗಳಿಗೆ ಹೋಗುತ್ತಾರೆ. ಎಂಬಿಬಿಎಸ್ ಮಕ್ಕಳಿಗೆ ಕನಿಷ್ಠ ಕಾಲೇಜಿನ ವಿಳಾಸವಿರುತ್ತದೆ. ಇವರಿಗೆ ಇರುವುದು ಒಂದು ಬಾಡಿಗೆ ಕೋಣೆ ಮತ್ತು ಸಂತೆಯ ದಿನ.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಎರಡು ಸೇನೆಗಳ ಕಾಳಗ ಶುರುವಾದಾಗ ಕರ್ನಾಟಕದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡರು. ಸಿದ್ದರಾಮಯ್ಯನವರು 31 ಜನ ಸಿಲುಕಿದ್ದಾರೆ ಎಂದು ಬರೆದದ್ದು, ಜೈಶಂಕರ್ ಅದಕ್ಕೆ ಸಿಟ್ಟಿನಿಂದ ಉತ್ತರಿಸಿದ್ದು, ಚುನಾವಣೆಯ ಕಾಲವಾದ್ದರಿಂದ ಅದೇ ದೊಡ್ಡ ಸುದ್ದಿಯಾದದ್ದು ನೆನಪಿರಬೇಕು. ಅನ್ನ ನೀರಿಲ್ಲದೆ ಕೋಣೆಯಲ್ಲಿ ಕುಳಿತವರ ವಿಡಿಯೊಗಳನ್ನು ಆ ದಿನಗಳಲ್ಲಿ ನಮ್ಮ ಕಡೆ ಎಲ್ಲರೂ ನೋಡಿದೆವು. ನಂತರ ಆಪರೇಷನ್ ಕಾವೇರಿ. ಪೋರ್ಟ್ ಸುಡಾನ್ ಬಂದರಿನಿಂದ ನೌಕಾಪಡೆಯ ಸುಮೇಧಾ ಹಡಗು ಮೊದಲ 278 ಜನರನ್ನು ಜೆಡ್ಡಾಗೆ ಮುಟ್ಟಿಸಿತು. ಮೇ ಮೊದಲ ವಾರದ ಹೊತ್ತಿಗೆ ಒಟ್ಟು 3,800ಕ್ಕೂ ಹೆಚ್ಚು ಜನ ಪಾರಾದರು. ಕಾರ್ಯಾಚರಣೆಗೆ ನಮ್ಮ ನದಿಯ ಹೆಸರಿಟ್ಟದ್ದಕ್ಕೆ ಆಗ ನನಗೆ ಕಣ್ಣು ತುಂಬಿ ಬಂದಿತ್ತು.

ಮಂಡ್ಯದ ಅಣ್ಣನವರಿಗೆ ಹೇಳುವುದು ಇಷ್ಟೆ. ಕಾಡಿನಿಂದ ಎಬ್ಬಿಸಿದ ಮೇಲೆ ಈ ಜನ ಹೊಟ್ಟೆಪಾಡಿಗೆ ಸಮುದ್ರ ದಾಟಿದರು. ಅದೂ ಮೋಜಿನ ಪ್ರಯಾಣವಲ್ಲ.

ಕೊಪ್ಪಲು ಬೋರೇಗೌಡರ ಮೊಮ್ಮಗ, ಮಂಡ್ಯ

ಒಪ್ಪಿದೆ. ನಾನು ಹಾಗೆ ಬರೆಯಬಾರದಿತ್ತು. ಶ್ರೀರಾಂಪುರದ ಅಣ್ಣನವರು ಬೇಸರ ಮಾಡಿಕೊಳ್ಳಬೇಡಿ. ಆದರೂ ಏಜೆಂಟರ ಮೇಲೆ ಕ್ರಮವಾಗಬೇಕು ಎಂಬ ಮಾತನ್ನು ಬಿಡುವುದಿಲ್ಲ. ಕಮಿಷನ್ ಎಣಿಸಿಕೊಂಡವನ ಫೋನ್ ಆ ರಾತ್ರಿ ಏಕೆ ಆಫ್ ಆಗಿತ್ತು?

ಕೆರಗೋಡಿನ ಹುಡುಗಿ, ಡಬ್ಲಿನ್

ನಾನು ಮಂಡ್ಯದ ಕೆರಗೋಡಿನವಳು, ಐರ್ಲೆಂಡಿನಲ್ಲಿ ನರ್ಸ್. ಆರು ವರ್ಷ ಈ ಊರು ನನಗೆ ತವರಿನಂತಿತ್ತು. 2025ರ ಜುಲೈ 19ರಂದು ಇಲ್ಲಿನ ಹೊರವಲಯದ ಟಾಲಾದಲ್ಲಿ ಒಬ್ಬ ಭಾರತೀಯನನ್ನು ಹುಡುಗರ ಗುಂಪು ಸುಳ್ಳು ಆರೋಪ ಹೊರಿಸಿ ಹೊಡೆದು, ಬಟ್ಟೆ ಕಿತ್ತು ರಸ್ತೆಯಲ್ಲಿ ಬಿಟ್ಟಿತು. ಅದಾದ ಮೇಲೆ ದಾಳಿಗಳ ಸುದ್ದಿ ಒಂದರ ಹಿಂದೆ ಒಂದು ಬಂತು. ಆಗಸ್ಟ್ 1ರಂದು ನಮ್ಮ ರಾಯಭಾರ ಕಚೇರಿ ಸೂಚನೆ ಹೊರಡಿಸಿತು: ಹೊತ್ತಲ್ಲದ ಹೊತ್ತಿನಲ್ಲಿ ನಿರ್ಜನ ಸ್ಥಳಗಳಿಗೆ ಹೋಗಬೇಡಿ. ಅದನ್ನು ಓದಿದಾಗ ನಾನು ರಾತ್ರಿ ಪಾಳಿ ಮುಗಿಸಿ ಬಸ್ ನಿಲ್ದಾಣದಲ್ಲಿ ಒಬ್ಬಳೇ ನಿಂತಿದ್ದೆ. ನನ್ನ ಕೆಲಸವೇ ಹೊತ್ತಲ್ಲದ ಹೊತ್ತಿನದು. ಸೂಚನೆ ಬರೆದವರ ಮೇಲೆ ಸಿಟ್ಟಿಲ್ಲ. ಆದರೆ ಹೊಡೆಸಿಕೊಳ್ಳುವವರಿಗೇ ಎಚ್ಚರ ಹೇಳುವ ಮಾತು ಎದೆಗೆ ನಾಟುತ್ತದೆ.

ನನ್ನ ಮೇಲೆ ಒಮ್ಮೆ ಮೊಟ್ಟೆ ಎಸೆದರು. ಅಷ್ಟೇ ಆದದ್ದು. ಗಾರ್ಡಾ ಠಾಣೆಗೆ, ಅಂದರೆ ಇಲ್ಲಿನ ಪೊಲೀಸರಿಗೆ, ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ವಾರ್ಡಿನ ಐರಿಷ್ ಸಹೋದ್ಯೋಗಿ ಕೈಹಿಡಿದು ಕರೆದುಕೊಂಡು ಹೋಗಿ ದೂರು ಬರೆಸಿದಳು. ದೂರಿನ ಸಂಖ್ಯೆ ಇಟ್ಟುಕೊಂಡು ರಾಯಭಾರ ಕಚೇರಿಗೆ ಬರೆದಾಗ ಉತ್ತರ ಬಂತು. ಸಂಖ್ಯೆಯಿಲ್ಲದೆ ಮೊದಲು ಬರೆದದ್ದಕ್ಕೆ ಬಂದಿರಲಿಲ್ಲ. ಹತ್ತು ದೂರು ದಾಖಲಾದರೆ ನಮ್ಮ ಕಚೇರಿ ಇಲ್ಲಿನ ಸರ್ಕಾರದ ಮುಂದೆ ಹತ್ತು ಕಾಗದ ಇಡಬಹುದು. ನುಂಗಿಕೊಂಡ ಅವಮಾನವನ್ನು ಯಾರೂ ಯಾರ ಮುಂದೂ ಇಡಲಾರರು. ಆ ಆಗಸ್ಟಿನಲ್ಲಿ ಇಲ್ಲಿನ ಅಂದಿನ ಅಧ್ಯಕ್ಷ ಹಿಗಿನ್ಸ್ ಭಾರತೀಯರ ಪರವಾಗಿ ಹೇಳಿಕೆ ಕೊಟ್ಟದ್ದನ್ನೂ ಹೇಳಬೇಕು. ಆ ದಿನ ವಾರ್ಡಿನ ಮುದುಕಿಯೊಬ್ಬಳು ನನ್ನ ಕೈ ಬಿಡದೆ ಹಿಡಿದುಕೊಂಡಿದ್ದಳು.

ಮೇಷ್ಟ್ರೇ, ಒಂದು ಸಂಶಯ. ನನ್ನ ಗೆಳತಿ ಐರಿಷ್ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡಿದ್ದಾಳೆ. ಅವಳಿಗೆ ನಮ್ಮ ಕಚೇರಿ ನೆರವಾಗುತ್ತದೆಯೇ?

ಕಾನೂನು ಮೇಷ್ಟ್ರು, ಮೈಸೂರು

ಇಲ್ಲಮ್ಮ. ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಒಸಿಐ ಎಂಬುದು ಭಾರತಕ್ಕೆ ಬಂದು ಹೋಗಲು ಜೀವಮಾನದ ವೀಸಾ ಎಂದುಕೊಳ್ಳಿ. ಡಬ್ಲಿನ್ನಿನಲ್ಲಿ ಅವಳು ಐರಿಷ್ ಪ್ರಜೆ. ಅವಳ ಸರ್ಕಾರ ಅಲ್ಲಿಯೇ ಇದೆ, ಮತ ಹಾಕಿ ಕೇಳಬಹುದು.

ಸರಸ್ವತಿಪುರಂ ಮನೆಯಾಕೆ

ಎಲ್ಲರೂ ನಮ್ಮ ಮಕ್ಕಳು ಹೊರಗೆ ಹೋದ ಕಥೆ ಹೇಳಿದಿರಿ. ಒಳಗೆ ಬಂದವರ ಕಥೆ ನನ್ನದು. ಹನ್ನೆರಡು ವರ್ಷದಿಂದ ನಮ್ಮ ಮಹಡಿಯ ಮನೆಯನ್ನು ವಿದೇಶಿ ಹುಡುಗರಿಗೆ ಬಾಡಿಗೆಗೆ ಕೊಡುತ್ತಿದ್ದೇನೆ. ಯೆಮನ್, ಇರಾನ್, ಅಫ್ಘಾನಿಸ್ತಾನದವರು. ಅವರು ಬಂದ 24 ಗಂಟೆಯೊಳಗೆ ಮನೆಯವರು ಅವರ ವಿವರದ ಫಾರಂ ತುಂಬಿ ಸರ್ಕಾರಕ್ಕೆ ಕಳುಹಿಸಬೇಕು, ನಿಯಮ. ಅದನ್ನು ತಪ್ಪಿಸಿಲ್ಲ.

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಗೆ ಹೋದಾಗ ಮಹಡಿಯಲ್ಲಿ ಇಬ್ಬರು ಅಫ್ಘನ್ ಹುಡುಗರಿದ್ದರು. ನಮ್ಮ ಬೀದಿಯಲ್ಲಿ ಧ್ವಜಾರೋಹಣದ ಲಾಡು ಹಂಚುತ್ತಿದ್ದರು. ಹುಡುಗರು ಮೆಟ್ಟಿಲ ಮೇಲೆ ಕುಳಿತು ಫೋನು ನೋಡುತ್ತಿದ್ದರು. ಲಾಡು ಕೊಟ್ಟೆ, ತೆಗೆದುಕೊಂಡರು, ತಿನ್ನಲಿಲ್ಲ. ಮುಂದೆ ಒಬ್ಬನ ಪಾಸ್‌ಪೋರ್ಟ್ ಅವಧಿ ಮುಗಿಯುತ್ತಾ ಬಂತು. ದೆಹಲಿಯಲ್ಲಿ ಅವರ ಹಳೆಯ ಸರ್ಕಾರದ ರಾಯಭಾರ ಕಚೇರಿ ಕುಂಟುತ್ತಾ ನಡೆದು, 2023ರ ನವೆಂಬರಿನಲ್ಲಿ ಪೂರ್ತಿ ಮುಚ್ಚಿತು. ಹುಡುಗ ಹೈದರಾಬಾದಿನ ಕಾನ್ಸಲ್ ಕಚೇರಿಗೆ ಅಲೆದ. ಪಾಸ್‌ಪೋರ್ಟಿನ ಒಳಗಿರುವ ಒಕ್ಕಣೆ ಎಂದಿರಲ್ಲ ಮೇಷ್ಟ್ರೇ, ಅದನ್ನು ಬರೆದ ಸರ್ಕಾರವೇ ಇಲ್ಲವಾದರೆ ಏನು ಮಾಡುವುದು? ಅಕ್ಕಪಕ್ಕದವರು "ಅವರನ್ನು ಏಕೆ ಇಟ್ಟುಕೊಂಡಿದ್ದೀರಿ" ಎಂದು ಕೇಳಿದಾಗ ಆ ಹುಡುಗನ ಪರವಾಗಿ ಮಾತಾಡಲು ನಾನಲ್ಲದೆ ಬೇರೆ ಯಾರಿದ್ದರು?

ಪಿರಿಯಾಪಟ್ಟಣದಿಂದ

ಬೈಲಕುಪ್ಪೆಯ ಟಿಬೆಟನ್ನರಿಗೆ ಅರವತ್ತು ವರ್ಷಗಳಿಂದಲೂ ಅದೇ ಸ್ಥಿತಿ ಅಕ್ಕ. ನನ್ನ ಜೊತೆ ಓದಿದವನ ಬಳಿ ಪಾಸ್‌ಪೋರ್ಟ್ ಇರಲಿಲ್ಲ, ಭಾರತ ಸರ್ಕಾರ ಕೊಡುವ ಹಳದಿ ಬಣ್ಣದ ಗುರುತಿನ ಪುಸ್ತಕವಿತ್ತು. ಅವನಿಗೆ ಹೊರಗೆ ತೊಂದರೆಯಾದರೆ ಬಾಗಿಲು ತಟ್ಟಲು ತನ್ನದೆಂಬ ಕಚೇರಿ ಜಗತ್ತಿನ ಯಾವ ಊರಿನಲ್ಲೂ ಇಲ್ಲ. ಕನ್ನಡವನ್ನು ನನಗಿಂತ ಚೆನ್ನಾಗಿ ಬರೆಯುತ್ತಿದ್ದ.

ಕಾನೂನು ಮೇಷ್ಟ್ರು, ಮೈಸೂರು

ಮನೆಯಾಕೆಯವರು ಕೇಳಿದ್ದಕ್ಕೆ ನನ್ನ ಬಳಿ ಪುಸ್ತಕದ ಉತ್ತರವಿಲ್ಲ. 2016ರ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ನಡೆದದ್ದು ನೆನಪಾಯಿತು. ಸುಡಾನಿನವನೊಬ್ಬನ ಕಾರು ಡಿಕ್ಕಿಯಾಗಿ ಸ್ಥಳೀಯ ಹೆಂಗಸು ಸತ್ತಳು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಅವಳಿಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಆ ದೇಶದ ಹೈಕಮಿಷನರ್ ದೆಹಲಿಯಿಂದ ಬೆಂಗಳೂರಿಗೆ ಬಂದು ನಮ್ಮ ಸರ್ಕಾರದಿಂದ ಉತ್ತರ ಕೇಳಿದರು. ಬಿಷ್ಕೆಕ್‌ನ ವಿವರ ಓದುವಾಗ ಇದೇ ಕಣ್ಣ ಮುಂದೆ ಬಂತು. ತಪ್ಪು ಮಾಡಿದವನು ಒಬ್ಬ, ಸಿಕ್ಕಿಬಿದ್ದವರು ಬೇರೆ.

ಶ್ರೀರಾಂಪುರದವರೇ, ಒಂದು ಕೇಳಬೇಕು. ಆ ರಾತ್ರಿ ಗುಂಪು ನಿಮ್ಮ ಮಗಳ ಕೋಣೆಯವರೆಗೆ ಏಕೆ ಬರಲಿಲ್ಲ?

ಶ್ರೀರಾಂಪುರದ ತಂದೆ, ಮೈಸೂರು

ಇದನ್ನು ನಾನೇ ಮೊದಲು ಬರೆಯಬೇಕಿತ್ತು. ಭಯದ ಭಾಗವನ್ನೇ ಹೇಳಿ ಮುಗಿಸಿಬಿಟ್ಟೆ. ಅವಳ ಹಾಸ್ಟೆಲಿನ ಕಾವಲಿಗೆ ಒಬ್ಬ ವಯಸ್ಸಾದ ಕಿರ್ಗಿಸ್ ಹೆಂಗಸು ಇದ್ದಾರೆ. ಮಕ್ಕಳೆಲ್ಲ 'ಎಜೆ' ಎನ್ನುತ್ತಾರೆ. ಅಕ್ಕ ಎಂದು ಅರ್ಥವಂತೆ. ಗುಂಪು ಗೇಟಿಗೆ ಬಂದಾಗ ಆಕೆ ಹೊರಗಿನಿಂದ ಬೀಗ ಹಾಕಿ, ಕುರ್ಚಿ ಎಳೆದುಕೊಂಡು ಬಾಗಿಲ ಮುಂದೆಯೇ ಕುಳಿತರು. ವಿದೇಶಿಯರು ಯಾರೂ ಇಲ್ಲ, ಎಲ್ಲ ಖಾಲಿ ಮಾಡಿದ್ದಾರೆ ಎಂದರಂತೆ. ಅವರು ಕೂಗಾಡಿದರು, ಆಕೆ ಏಳಲಿಲ್ಲ. ಪೊಲೀಸರಿಗೆ ಫೋನ್ ಮಾಡಿದ್ದೂ ಆಕೆಯೇ, ಅವರ ಭಾಷೆಯಲ್ಲಿ. ಮಗಳಿಗೆ ಅಲ್ಲಿನ ಪೊಲೀಸರ ಸಂಖ್ಯೆಯೇ ಗೊತ್ತಿರಲಿಲ್ಲ. 102. ನಮ್ಮಲ್ಲಿ ಅದು ಆಂಬುಲೆನ್ಸಿನದು. ವಿದೇಶದಲ್ಲಿರುವ ವಿದ್ಯಾರ್ಥಿಗಳು ನೋಂದಾಯಿಸಿಕೊಳ್ಳಲು ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ 2015ರಿಂದಲೇ ಇದೆ. ಅದೆಲ್ಲ ಬೇಡ ಎಂದು ಏಜೆಂಟ್ ಹೇಳಿದ್ದ, ನಾನೂ ನಂಬಿದ್ದೆ. ಅಂದರೆ ಮಗಳು ಅಲ್ಲಿದ್ದಾಳೆ ಎಂದು ನಮ್ಮ ಕಚೇರಿಗೇ ತಿಳಿದಿರಲಿಲ್ಲ.

ನಿನ್ನೆ ಪಕ್ಕದ ಮನೆಯ ಹುಡುಗನಿಗೆ ಒಂದು ಹಾಳೆ ಬರೆದುಕೊಟ್ಟೆ. ಮೇಲೆ 102. ಕೆಳಗೆ ಎಜೆಯ ಸಂಖ್ಯೆ, ಮಗಳು ಕೇಳಿ ಕೊಟ್ಟದ್ದು. ಆಮೇಲೆ ರಾಯಭಾರ ಕಚೇರಿ, ಮದದ್ ನೋಂದಣಿ. ಕೊನೆಯಲ್ಲಿ ನನ್ನದು. ದೂರು ಕೊಟ್ಟರೆ ಸಂಖ್ಯೆ ಬರೆಸಿಕೊ ಎಂದು ಡಬ್ಲಿನ್ ತಂಗಿಯ ಮಾತನ್ನೂ ಸೇರಿಸಿದ್ದೇನೆ. ಪಾಸ್‌ಪೋರ್ಟಿನ ಎರಡು ಪ್ರತಿ ತಾಯಿಯ ಬಳಿ. ಎಜೆಗೆ ಏನು ಕಳುಹಿಸಲಿ ಎಂದು ಅವರು ಕೇಳಿದರು. ಮೈಸೂರ್ ಸ್ಯಾಂಡಲ್ ಸೋಪು ಒಂದು ಡಜನ್ ಇಡಿ ಎಂದೆ.

ಸರಸ್ವತಿಪುರಂ ಮನೆಯಾಕೆ

ಆ ಹಾಳೆಯ ಚಿತ್ರ ಹಾಕಿ ಅಣ್ಣ, ಸಂಖ್ಯೆಗಳನ್ನು ಮುಚ್ಚಿ. ಮಹಡಿಯ ಬಾಗಿಲ ಹಿಂದೆ 112 ಬರೆದು ಅಂಟಿಸಿದ್ದೇನೆ, ಕೆಳಗೆ ನನ್ನ ಸಂಖ್ಯೆ ಇದೆ. ಅವರವರ ಕಚೇರಿಯ ಸಂಖ್ಯೆಯನ್ನು ಇವತ್ತು ಸಂಜೆ ಹುಡುಗರನ್ನು ಕೇಳಿ ಬರೆಯುತ್ತೇನೆ. ಅಫ್ಘನ್ ಹುಡುಗನ ಸಾಲು ಮಾತ್ರ ಖಾಲಿ ಬಿಟ್ಟಿದ್ದೇನೆ, ಅವನು ಏನು ಹೇಳುತ್ತಾನೋ ನೋಡಿ ಬರೆಯುವೆ.